ತುಟಿ ಅಲುಗಿಸಿದ ತಪ್ಪಿಗೆ

ವಿಜಯನಗರ
19 ಆಗಸ್ಟ್ 2025

ಲಿಂಗೂ,

ಮೂರು ವಾರದಿಂದ ನಿನಗೆ ಫೋನು ಮಾಡುತ್ತಲೇ ಇದ್ದೇನೆ. ಒಂದು ಸಲ ರಿಂಗಾಗುತ್ತದೆ, ಕತ್ತರಿಸಿಬಿಡುತ್ತೀಯ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೀನು ತೆರೆದು ನೋಡಿಯೇ ಇಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ ಎಂದು ಅರ್ಥಮಾಡಿಕೊಂಡೆ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ವಿಜಯನಗರದಿಂದ ನಾಗರಬಾವಿಗೆ ಒಂದು ಬಸ್ಸು ಹತ್ತಿದರೆ ಮುಗಿಯಿತು, ಗೊತ್ತು. ಆದರೆ ನೀನು ಕರೆಯದೆ ನಿನ್ನ ಮನೆ ಮೆಟ್ಟಿಲು ಹತ್ತುವವಳಲ್ಲ ನಾನು.

ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಹಳೇ ಆಪರೇಟರುಗಳೆಲ್ಲ ರಾಜಾಜಿನಗರದ ಹೋಟೆಲಿನಲ್ಲಿ ಊಟಕ್ಕೆ ಸೇರಿದ್ದ ದಿನವನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಕಾಲೇಜಿಗೆ ಸೇರಿದ್ದೇನೆ, ಬಿ.ಎ. ಓದುತ್ತೇನೆ ಎಂದು ಎಲ್ಲರ ಎದುರು ಹೇಳಿದೆ. ಹನುಮಕ್ಕ ಬಾಯಿ ತೆರೆದಳು: "ಹಲ್ಲು ಕಟ್ಟಿಸ್ಕೊಳ್ಳೋ ವಯಸ್ಸಲ್ಲಿ ಕಾಲೇಜೇನೇ ಶಶಿ? ಬ್ಯಾಗ್ ಯಾರು ಹೊರ್ತಾರೆ, ನಿನ್ ಗಂಡಾನಾ?" ಎಲ್ಲರೂ ನಕ್ಕರು. ಹನುಮಕ್ಕನ ಮಾತಿಗೆ ನಾನು ಯಾವತ್ತೂ ಬೆಲೆ ಕೊಟ್ಟವಳಲ್ಲ. ಆದರೆ ನೀನು ನನ್ನ ಪಕ್ಕದಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ ನಕ್ಕೆ. ಇಡೀ ನೌಕರಿಯುದ್ದಕ್ಕೂ ಪಕ್ಕದ ಕುರ್ಚಿಯಲ್ಲಿ ಕೂತವಳು ನೀನು. ಪಿ.ಯು.ಸಿ. ಮುಗಿದ ಕೂಡಲೇ ನೌಕರಿಯ ಆರ್ಡರ್ ಬಂದಾಗ, "ಈಗ ಕೆಲಸಕ್ಕೆ ಸೇರ್ಕೋ, ಡಿಗ್ರಿ ಆಮೇಲೆ ಮಾಡ್ಕೊಂಡ್ರಾಯ್ತು" ಎಂದು ಅಪ್ಪ ಹೇಳಿದ್ದು ನಿನಗೆ ಗೊತ್ತು. ಪದವಿ ಇಲ್ಲವೆಂದು ನಾವು ಕೆಲಸ ಕಲಿಸಿದ ಹುಡುಗಿಯರೇ ನಮ್ಮ ಮೇಲೆ ಸೂಪರ್‌ವೈಸರ್ ಆಗಿ ಬಂದದ್ದೂ ಗೊತ್ತು. ನಿನಗೆ ಗೊತ್ತಿದ್ದೂ ನಕ್ಕೆಯಲ್ಲ ಎಂಬುದೇ ಸಂಕಟ.

ನಕ್ಕರೂ ನಾನು ಹೋಗುತ್ತಿದ್ದೇನೆ, ತಿಳಿದಿರಲಿ. ಇಲ್ಲೇ ವಿಜಯನಗರದ ಸಂಜೆ ಕಾಲೇಜು. ಕ್ಲಾಸಿನಲ್ಲಿ ಅಂಗಡಿಯಲ್ಲಿ ದುಡಿಯುವ ಹುಡುಗಿಯರು, ಪಾರ್ಸೆಲ್ ಹಂಚುವ ಹುಡುಗರು. ಎಲ್ಲರಿಗೂ ನಾನು ಆಂಟಿ. ಹಾಜರಿ ಕೂಗುವ ಪದ್ಧತಿ ಈಗಿಲ್ಲ, ಫೋನಿಗೆ ಮುಖ ತೋರಿಸಬೇಕು. ಮೊದಲ ದಿನ ಅದು ನನ್ನನ್ನು ಗುರುತಿಸಲೇ ಇಲ್ಲ. ಸೇರುವಾಗ ತೆಗೆದ ಫೋಟೋದಲ್ಲಿ ಕನ್ನಡಕ ಇರಲಿಲ್ಲವಂತೆ. ಕನ್ನಡಕ ತೆಗೆದರೆ ಎಲ್ಲಿ ಒತ್ತಬೇಕೆಂದು ನನಗೆ ಕಾಣುವುದಿಲ್ಲ. ಎರಡು ದಿನ ಗೈರುಹಾಜರಿ ಬಿತ್ತು. ಮೂರನೆಯ ದಿನ ನಾನೇ ಆಫೀಸಿನಲ್ಲಿ ಕೂತು, ಫೋಟೋ ಬದಲಾಯಿಸಿದ ಮೇಲೇ ಎದ್ದದ್ದು.

ಡಿಜಿಟಲ್ ಕೌಶಲ್ಯ ಎಂಬ ವಿಷಯ ಎಲ್ಲರಿಗೂ ಕಡ್ಡಾಯ. ಅದನ್ನು ಕಲಿಸುವ ಗಿರಿರಾಜ್ ಸರ್‌ಗೆ ನನ್ನ ಮಗನಿಗಿಂತ ಚಿಕ್ಕ ವಯಸ್ಸು. "ಬರ್ಕೋಬೇಡಿ ಮೇಡಂ, ಎಲ್ಲಾ ಫೋನಿಗೇ ಬರುತ್ತೆ" ಎಂದರು. "ಬರೀದೇ ಇದ್ರೆ ನನ್ ತಲೆಗೆ ಹೋಗಲ್ಲ ಸಾರ್" ಎಂದೆ. ಬರೆದುಕೊಳ್ಳುತ್ತಿದ್ದೇನೆ.

ಸಿಟ್ಟು ಇಳಿಯದ,
ಶಶಿಕಲಾ


ನಾಗರಬಾವಿ
2 ಸೆಪ್ಟೆಂಬರ್ 2025

ಶಶಿ,

ಹೌದು, ನಕ್ಕೆ. ಏನೀಗ?

ನಾನು ಯಾರನ್ನೂ ಬ್ಲಾಕ್ ಮಾಡಿಲ್ಲ. ಆ ದೊಡ್ಡ ಫೋನನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟೆ. ಚಿಕ್ಕದೊಂದು ಇದೆ, ಅದನ್ನೂ ಎತ್ತುವುದಿಲ್ಲ. ನಿನ್ನ ಕರೆಯೊಂದೇ ಅಲ್ಲ, ಎಲ್ಲರದನ್ನೂ ಕತ್ತರಿಸುತ್ತೇನೆ. ಅಷ್ಟು ವರ್ಷ ಊರವರ ಮಾತನ್ನೆಲ್ಲ ಕಿವಿಗೆ ತುಂಬಿಕೊಂಡದ್ದು ಸಾಕಾಗಿದೆ ಎಂದುಕೋ.

ನಿನ್ನ ಕಾಲೇಜಿನ ಬಗ್ಗೆ ಕೇಳಿದೆಯಾದರೆ ನೇರವಾಗಿ ಹೇಳುತ್ತೇನೆ. ನಮ್ಮ ಅಪ್ಪನ ರಾಗಿ ಹೊಲದಲ್ಲಿ ಈಗ ನನ್ನ ಮನೆ ನಿಂತಿದೆ, ಅದರ ಮೇಲಿನ ಎರಡು ಮಹಡಿಯಲ್ಲಿ ಕಾಲೇಜು ಹುಡುಗರು ಬಾಡಿಗೆಗಿದ್ದಾರೆ. ಬೆಳಿಗ್ಗೆ ಹತ್ತರ ತನಕ ಮಲಗುತ್ತಾರೆ. ಎದ್ದವರು ಕೂಡಲೇ ಫೋನಿನಲ್ಲಿ ಮುಖ ಹುದುಗಿಸುತ್ತಾರೆ. ಓದು ಮುಗಿಸಿದವರು ಕೆಲಸ ಸಿಗದೆ ಇನ್ನೂ ಇಲ್ಲೇ ಇದ್ದಾರೆ. ಅವರಿಗೇ ಆ ಕಾಗದದಿಂದ ಏನೂ ಆಗುತ್ತಿಲ್ಲ. ಪೆನ್ಷನ್ ಬರುವ ನಿನಗೆ ಯಾಕೆ? ಮಂಡಿ ನೋವಿದ್ದವಳು ಸಂಜೆ ಹೊತ್ತು ಮೆಟ್ಟಿಲು ಹತ್ತಿ ಇಳಿದು ಏನು ಸಾಧಿಸುತ್ತೀಯ?

ಫೋನು ಮಾಡಬೇಡ. ಮನೆಗೂ ಬರಬೇಡ. ಬರೆಯುವುದಾದರೆ ಬರೆ.

ಇತಿಹಾಸ ತೆಗೆದುಕೊಂಡೆಯೋ ಇಲ್ಲವೋ, ಅದನ್ನು ತಿಳಿಸು.

ಲಿಂಗಮ್ಮ


ವಿಜಯನಗರ
21 ಅಕ್ಟೋಬರ್ 2025

ಲಿಂಗೂ,

ಇತಿಹಾಸ ತೆಗೆದುಕೊಂಡಿದ್ದೇನೆ. ಅದರಲ್ಲಿ ಮೊದಲ ಪರೀಕ್ಷೆಗೆ ಒಳ್ಳೆಯ ಅಂಕವೂ ಬಂತು. ಆದರೆ ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನನ್ನ ಮೇಲೆ ಕಾಪಿ ಹೊಡೆದ ಆರೋಪ ಬಂದಿದೆ.

ಡಿಜಿಟಲ್ ಕೌಶಲ್ಯದ ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಕಂಪ್ಯೂಟರಿನ ಕ್ಯಾಮೆರಾ ಉದ್ದಕ್ಕೂ ನಮ್ಮನ್ನು ನೋಡುತ್ತಿರುತ್ತದೆ. ಕಾವಲಿಗೆ ಮನುಷ್ಯರಿಲ್ಲ, ಸಾಫ್ಟ್‌ವೇರೇ ಕಾವಲು. ನಮ್ಮ ಯಜಮಾನರನ್ನು ಪಾರ್ಕಿಗೆ ಕಳಿಸಿ, ಬಾಗಿಲು ಹಾಕಿ, ಫ್ಯಾನಿನ ಸದ್ದೂ ಬೇಡವೆಂದು ಆರಿಸಿ ಕೂತೆ. ಅರ್ಧ ಮುಗಿಸಿದ್ದೆನೋ ಇಲ್ಲವೋ, ತೆರೆಯ ಮೇಲೆ ಕೆಂಪಕ್ಷರ ಮೂಡಿತು. ಪರೀಕ್ಷೆ ನಿಂತುಹೋಯಿತು. ಮರುದಿನ ನನ್ನ ಹೆಸರಿನ ಮುಂದೆ ಸೊನ್ನೆ.

ಗಿರಿರಾಜ್ ಸರ್ ಹತ್ತಿರ ಹೋದೆ.

"ನೀವು ಯಾರ ಹತ್ರಾನೋ ಮಾತಾಡ್ತಿದ್ರಿ ಅಂತ ಸಾಫ್ಟ್‌ವೇರ್ ತೋರಿಸ್ತಾ ಇದೆ ಮೇಡಂ."

"ಓದ್ಕೋತಿದ್ದೆ ಸಾರ್. ಪ್ರಶ್ನೆ ಓದ್ಕೋತಿದ್ದೆ."

"ಮನಸ್ಸಲ್ಲಿ ಓದ್ಕೋಬೇಕಲ್ವಾ? ಬಾಯಲ್ಲಿ ಯಾಕೆ?"

ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಒಂದು ದಿನವೂ ಕೂರದ ಆ ಹುಡುಗನಿಗೆ ಏನೆಂದು ಹೇಳಲಿ? ಕೇಳಿದ ನಂಬರನ್ನು ತಿರುಗಿ ಬಾಯಲ್ಲಿ ಹೇಳಲೇಬೇಕು ಎಂದು ನಮಗೆ ಕಲಿಸಿದ್ದರು. ಹಿಂದೆ ಸೂಪರ್‌ವೈಸರ್ ನಿಂತಿರುತ್ತಿದ್ದರು. ತುಟಿ ಅಲುಗದಿದ್ದರೆ ಮೆಮೊ. ಬೋರ್ಡು ಕಿತ್ತು ಕಂಪ್ಯೂಟರು ತಂದ ಮೇಲೂ ಅದೇ ನಿಯಮ. ಇಡೀ ನೌಕರಿಯಲ್ಲಿ ತುಟಿ ಅಲುಗಿಸದಿರುವುದು ತಪ್ಪಾಗಿತ್ತು. ಈಗ ಅಲುಗಿಸಿದ್ದೇ ತಪ್ಪಾಯಿತು.

ಶಿಸ್ತು ಸಮಿತಿಯವರು ಒಂದು ಹಾಳೆ ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ಅಕ್ರಮ ಎಸಗಿದ್ದೇನೆ, ಕ್ಷಮೆ ಕೋರುತ್ತೇನೆ ಎಂದು ಅದರಲ್ಲಿ ಮೊದಲೇ ಅಚ್ಚಾಗಿದೆ. ಸಹಿ ಹಾಕಿದರೆ ಮರುಪರೀಕ್ಷೆ ಕೊಡುತ್ತಾರೆ. ಹಾಕದಿದ್ದರೆ ಸೆಮಿಸ್ಟರಿನ ಹಾಲ್ ಟಿಕೆಟ್ಟೇ ಇಲ್ಲ, ಒಂದು ವರ್ಷ ಹೋಯಿತು. ನನ್ನ ಹಾಗೆಯೇ ಸಿಕ್ಕಿಬಿದ್ದ ಹುಡುಗಿಯೊಬ್ಬಳು, "ಸೈನ್ ಮಾಡ್ಬಿಡಿ ಆಂಟಿ, ಎಲ್ರೂ ಮಾಡ್ತಾರೆ" ಎಂದಳು. ಅವಳು ಸಹಿ ಹಾಕಿ ಹೋದಳು. ನಮ್ಮ ಯಜಮಾನರು ವೆಂಕಟರಮಣಪ್ಪನವರು ನಿನಗೆ ಗೊತ್ತಲ್ಲ, ಜಗಳವೆಂದರೆ ಮೈಲಿ ದೂರ. "ಒಂದು ಸಹಿ ಹಾಕಿದ್ರೆ ನಿನ್ ಗಂಟೇನು ಹೋಗುತ್ತೆ? ಓದೋದು ತಾನೇ ನಿನಗೆ ಬೇಕಾಗಿರೋದು?" ಎಂದರು.

ನಾನು ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ. ಮಾಡದ ತಪ್ಪನ್ನು ಒಪ್ಪಿಕೊಂಡು ಪದವಿ ತೆಗೆದುಕೊಂಡರೆ ಅದನ್ನು ಗೋಡೆಗೆ ಹಾಕಿಕೊಂಡು ದಿನಾ ಹೇಗೆ ನೋಡಲಿ? ವಿಚಾರಣೆ ಮಾಡಿ ಎಂದು ಅರ್ಜಿ ಕೊಟ್ಟಿದ್ದೇನೆ. ನವೆಂಬರ್ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಕರೆದಿದ್ದಾರೆ.

ನೀನು ಬರಬೇಕು. ನಾವು ಹೇಗೆ ಕೆಲಸ ಮಾಡಿದವರು ಎಂದು ಎದುರು ನಿಂತು ಹೇಳಬೇಕು. ಎಕ್ಸ್‌ಚೇಂಜಿನಲ್ಲಿ ನಿನ್ನ ಕಿವಿಯನ್ನು ಮೀರಿಸಿದವರಿರಲಿಲ್ಲ. ಲೈನಿನಲ್ಲಿ ಗಾಳಿ ಮಳೆಯಂಥ ಸದ್ದಿದ್ದರೂ ಎದುರಿನವರ ಹೆಸರನ್ನು ನೀನೊಬ್ಬಳೇ ಹಿಡಿಯುತ್ತಿದ್ದೆ. ನಿನ್ನ ಮಾತಿಗೆ ತೂಕವಿದೆ. ನಗುವುದಿದ್ದರೆ ಅಲ್ಲಿ ಬಂದು ನಗು.

ನಿನ್ನ ದಾರಿ ಕಾಯುವ,
ಶಶಿಕಲಾ


ನಾಗರಬಾವಿ
30 ಅಕ್ಟೋಬರ್ 2025

ಶಶಿ,

ನಾನು ಬರುವುದಿಲ್ಲ. ಕಾರಣ ಹೇಳುತ್ತೇನೆ. ಓದಿದ ಮೇಲೆ ಯಾರಿಗೂ ಹೇಳಬೇಡ, ಹನುಮಕ್ಕನಿಗಂತೂ ಹೇಳಲೇಬೇಡ.

ನನಗೆ ಕಿವಿ ಕೇಳುವುದಿಲ್ಲ.

ಮೂರು ವರ್ಷವಾಯಿತು. ಮೊದಲು ಎಡಗಿವಿಯಲ್ಲಿ ಒಂದು ಸೀಟಿ ಹಿಡಿಯಿತು, ನಿಲ್ಲಲೇ ಇಲ್ಲ. ಆಮೇಲೆ ಬಲಗಿವಿ. ಈಗ ಗಂಡಸರು ಗಟ್ಟಿಯಾಗಿ ಮಾತಾಡಿದರೆ ಕೊಡದೊಳಗಿಂದ ಬಂದ ಹಾಗೆ ಏನೋ ಒಂದು ಬರುತ್ತದೆ. ಹೆಂಗಸರ, ಮಕ್ಕಳ ಮಾತು ಬರುವುದೇ ಇಲ್ಲ. ಫೋನಿನಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ವಾಟ್ಸಾಪಿನಲ್ಲೂ ಎಲ್ಲರೂ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅದಕ್ಕೇ ಆ ಫೋನನ್ನು ಕೊಟ್ಟುಬಿಟ್ಟದ್ದು.

ಮಗ ಕಾಂತರಾಜು ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟ. ಕಡಲೆಬೀಜದಷ್ಟಿದೆ, ಹೊಸ ಥರದ್ದಂತೆ. ಹಾಕಿಕೊಂಡೆ. ತಟ್ಟೆ ಬಿದ್ದರೆ ತಲೆಯೊಳಗೆ ಬಿದ್ದ ಹಾಗೆ, ಬೈಕು ಹೋದರೆ ಎದೆಯ ಮೇಲೆ ಹೋದ ಹಾಗೆ. ಮಾತು ಮಾತ್ರ ಮೊದಲಿನಂತೆಯೇ ಕಲಸಿಹೋಗಿತ್ತು. ಇನ್ನೊಂದು ಕೇಳು. ಅದರ ಸದ್ದು ಹೆಚ್ಚು ಕಡಿಮೆ ಮಾಡುವುದು ಅವನ ಫೋನಿನಿಂದ. ಹಾಲಿನಲ್ಲಿ ಕೂತು, "ಅಮ್ಮಂಗೆ ಇವತ್ತು ಸ್ವಲ್ಪ ಜಾಸ್ತಿ ಇಡ್ತೀನಿ" ಎಂದು ನನ್ನ ಕಿವಿಯನ್ನು ತಿರುಗಿಸುತ್ತಿದ್ದ. ಒಳ್ಳೆಯ ಮಗನೇ, ಆದರೂ ನನ್ನ ಕಿವಿ ಅವನ ಜೇಬಿನಲ್ಲಿತ್ತು. ಕಿತ್ತು ಡ್ರಾಯರಿಗೆ ಹಾಕಿದೆ. ಹಾಗೇ ಕೇಳುತ್ತದೆ, ಇದು ಬೇಡ ಎಂದು ಅವನಿಗೆ ಸುಳ್ಳು ಹೇಳಿದೆ.

ಎದುರಿಗೆ ಕೂತವರ ತುಟಿ ನೋಡಿ ಅರ್ಧ ಮಾತು ಹಿಡಿಯುತ್ತೇನೆ. ಬೆಳಕಿರಬೇಕು, ಅವರು ತಲೆ ಬಗ್ಗಿಸಬಾರದು, ಅಷ್ಟೇ. ಆವತ್ತು ಹೋಟೆಲಿನಲ್ಲಿ ನೀನು ಪಕ್ಕದಲ್ಲಿ ಕೂತಿದ್ದೆ, ಎದುರಿಗಲ್ಲ. ನೀನು ಏನೋ ಹೇಳಿದೆ. ಹನುಮಕ್ಕ ಏನೋ ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದೆ ಬೀಳಬಾರದೆಂದು ಜೋರಾಗಿಯೇ ನಕ್ಕೆ. ಯಾವುದಕ್ಕೆ ನಕ್ಕೆ ಎಂದು ನನಗೆ ಗೊತ್ತಾದದ್ದು ನಿನ್ನ ಕಾಗದ ಓದಿದ ಮೇಲೆ.

ಆಗಲೇ ನಿಜ ಬರೆಯಬಹುದಿತ್ತು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಅನ್ನಿಸಿಕೊಳ್ಳುವುದೇ ವಾಸಿ ಎನ್ನಿಸಿತು. ಟೆಲಿಫೋನ್ ಲಿಂಗಮ್ಮನಿಗೆ ಕಿವಿ ಹೋಯಿತಂತೆ ಎಂದು ಊರೆಲ್ಲ ಆಡಿಕೊಳ್ಳುವುದನ್ನು ನೆನೆದರೇ ಮೈ ಉರಿಯುತ್ತದೆ.

ಈಗ ಹೇಳು, ಆ ಸಮಿತಿಯವರ ಮುಂದೆ ನಾನು ಹೇಗೆ ಬಂದು ಕೂರಲಿ? ಅವರೊಂದು ಕೇಳಿದರೆ ನಾನೊಂದು ಹೇಳುತ್ತೇನೆ. ನಿನ್ನ ಕೇಸೂ ಕೆಡುತ್ತದೆ.

ಸಹಿ ಮಾತ್ರ ಹಾಕಬೇಡ.

ಲಿಂಗೂ


ವಿಜಯನಗರ
5 ನವೆಂಬರ್ 2025

ಲಿಂಗೂ,

ನಿನ್ನ ಕಾಗದ ಓದಿದೆ. ನಿನ್ನನ್ನು ಸಮಾಧಾನ ಮಾಡಲು ಹೋಗುವುದಿಲ್ಲ, ನಿನಗದು ಹಿಡಿಸುವುದಿಲ್ಲ. ಮೂರು ತಿಂಗಳು ನಿನ್ನ ಮೇಲೆ ಸಿಟ್ಟು ಹೊತ್ತು ತಿರುಗಿದೆ. ಇನ್ನು ಆ ಸಿಟ್ಟನ್ನು ಸಮಿತಿಯವರ ಮುಂದೆ ಉಪಯೋಗಿಸುತ್ತೇನೆ.

ನೀನು ಬರಬೇಡ. ನಾನೊಬ್ಬಳೇ ಹೋಗುತ್ತೇನೆ. ಆ ಸಾಫ್ಟ್‌ವೇರು ಧ್ವನಿಯನ್ನು ಉಳಿಸಿಟ್ಟಿಲ್ಲವಂತೆ, ಚಿತ್ರ ಮಾತ್ರ ಇದೆಯಂತೆ. ನನ್ನ ತುಟಿ ಅಲುಗುವುದು ಕಾಣುತ್ತದೆ, ಏನು ಹೇಳಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. "ಪ್ರಶ್ನೇನೇ ಓದಿದ್ರಿ ಅನ್ನೋದಕ್ಕೆ ಪ್ರೂಫ್ ಏನು ಮೇಡಂ?" ಎಂದು ಆಫೀಸಿನಲ್ಲಿ ಕೇಳಿದರು. "ಓದಲಿಲ್ಲ ಅನ್ನೋದಕ್ಕೆ ನಿಮ್ ಹತ್ರ ಏನಿದೆ?" ಎಂದೆ. ಅವರ ಹತ್ತಿರವೂ ಏನೂ ಇಲ್ಲ. ಆದರೆ ಹಾಲ್ ಟಿಕೆಟ್ ಅವರ ಕೈಯಲ್ಲಿದೆ.

ವರ್ಷ ಹೋದರೆ ಹೋಗಲಿ. ಮುಂದಿನ ವರ್ಷ ಮತ್ತೆ ಮೊದಲನೇ ಸೆಮಿಸ್ಟರಿಗೆ ಹಣ ಕಟ್ಟಿ ಕೂರುತ್ತೇನೆ.

ನಿನ್ನ ಗುಟ್ಟು ನನ್ನಲ್ಲೇ ಇದೆ. ನಮ್ಮ ಯಜಮಾನರಿಗೂ ಹೇಳಿಲ್ಲ.

ನಿನ್ನವಳೇ ಆದ,
ಶಶಿ


ನಾಗರಬಾವಿ
14 ನವೆಂಬರ್ 2025

ಶಶಿ,

ನಾನು ಹೇಳದೆ ವಿಚಾರಣೆಗೆ ಬಂದದ್ದಕ್ಕೂ ಹೇಳದೆ ಹೊರಟದ್ದಕ್ಕೂ ಬೈಯಬೇಡ. ನಿನ್ನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರಲ್ಲ, ಒಳಗೆ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿರಲಾರದು. ಅದಕ್ಕೇ ಬರೆಯುತ್ತಿದ್ದೇನೆ.

ಮೂವರಿದ್ದರು. ನಡುವೆ ಪ್ರಿನ್ಸಿಪಾಲ್ ಮೇಡಂ, ಒಂದು ಕಡೆ ನಿನ್ನ ಗಿರಿರಾಜ್, ಇನ್ನೊಂದು ಕಡೆ ದಪ್ಪ ಮೀಸೆಯವರೊಬ್ಬರು. ಮೀಸೆಯವರ ಮಾತು ನನಗೆ ಕಾಣುವುದೇ ಇಲ್ಲ, ಹಾಗಾಗಿ ಅವರನ್ನು ಅಲ್ಲೇ ಬಿಟ್ಟೆ. ಮೇಡಂ ತಲೆ ಬಗ್ಗಿಸಿ ಏನನ್ನೋ ಓದುತ್ತಾ ನನ್ನನ್ನು ಏನೋ ಕೇಳಿದರು. ತುಟಿ ಕಾಣಲಿಲ್ಲ. ಮತ್ತೆ ಕೇಳಿದರು. ಹಿಂದೆ ತಿರುಗಿ ಓಡಿಹೋಗೋಣ ಅನ್ನಿಸಿತು. ಬಾಗಿಲ ಗಾಜಿನಾಚೆ ನೀನು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದೆ, ಮೊದಲ ದಿನ ಡ್ಯೂಟಿಗೆ ಬಂದವಳ ಹಾಗೆ.

"ತಲೆ ಎತ್ತಿ ಮಾತಾಡಿ ಮೇಡಂ. ನಂಗೆ ಕಿವಿ ಕೇಳಲ್ಲ" ಎಂದೆ.

ಹೇಳಿಬಿಟ್ಟೆ ಕಣೇ. ಮಗನ ಎದುರೂ ಆಡದ ಮಾತು. ಎಷ್ಟು ಜೋರಾಗಿ ಬಂತೋ ನನಗೆ ತಿಳಿಯದು. ಮೂವರೂ ಬೆಚ್ಚಿದ್ದನ್ನು ನೋಡಿದರೆ ನಿನಗೂ ಕೇಳಿಸಿರಬೇಕು.

ಆಮೇಲೆ ಹೆದರಿಕೆ ಇರಲಿಲ್ಲ. "ಮೂರು ವರ್ಷದಿಂದ ತುಟಿ ನೋಡ್ಕೊಂಡೇ ಬದುಕ್ತಾ ಇದೀನಿ. ನಿಮ್ ಹತ್ರ ಇವಳ ವಿಡಿಯೋ ಇದ್ಯಂತಲ್ಲ, ತೋರ್ಸಿ. ಪ್ರಶ್ನೆಪತ್ರಿಕೆ ತೋರಿಸ್ಬೇಡಿ. ನಂಗೆ ಕಂಡಿದ್ದನ್ನ ಬರ್ಕೊಡ್ತೀನಿ, ನೀವೇ ತಾಳೆ ನೋಡಿ" ಎಂದೆ. ಮೀಸೆಯವರು ಏನೋ ಅಡ್ಡ ಹೇಳಿದರು, ನನಗೆ ಕೇಳದ್ದು ಒಳ್ಳೆಯದೇ ಆಯಿತು. ಗಿರಿರಾಜ್ ಎದ್ದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ.

ನಿನ್ನ ಮುಖ ದೊಡ್ಡದಾಗಿ ಬಂತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹಾಳೆ ಈಸಿಕೊಂಡು ಬರೆಯುತ್ತಾ ಹೋದೆ. ಪೂರ್ತಿ ಸಿಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು ಕಡೆ ನೀನು ಕೈ ಅಡ್ಡ ಹಿಡಿದಿದ್ದೆ, ಒಂದು ಕಡೆ ಇಂಗ್ಲಿಷ್ ಬಂತು, ಬಿಟ್ಟೆ. 'ಈ ಕೆಳಗಿನವುಗಳಲ್ಲಿ ಯಾವುದು' ಎಂಬುದು ಮಾತ್ರ ಸ್ಪಷ್ಟವಾಗಿ ಮತ್ತೆ ಮತ್ತೆ ಕಂಡಿತು. 'ಗುಪ್ತಪದ' ಎಂದು ಬರೆದೆ. 'ಮಳಿಗೆದಾರನು ಮೊದಲು ಏನು ಮಾಡಬೇಕು' ಎಂದು ಬರೆದೆ. ನಡುವೆ ಒಂದು ಸಲ 'ಅಯ್ಯೋ ಶಿವನೇ' ಅಂದಿದ್ದೆ, ಅದನ್ನೂ ಬರೆದೆ.

ಗಿರಿರಾಜ್ ನನ್ನ ಹಾಳೆಯನ್ನೂ ಪ್ರಶ್ನೆಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ಓದಿದ. ನನ್ನ ಕಡೆಗೇ ಮುಖ ಮಾಡಿ, ನಿಧಾನವಾಗಿ ಹೇಳಿದ: "ಮಳಿಗೆದಾರ ಅಲ್ಲ ಅಮ್ಮ, ಬಳಕೆದಾರ."

"ಪ, ಬ, ಮ ಮೂರೂ ತುಟಿ ಮೇಲೆ ಒಂದೇ ಥರ ಕಾಣುತ್ತೆ ಕಣಪ್ಪ. ನೀನೂ ಕನ್ನಡಿ ಮುಂದೆ ನಿಂತು ನೋಡ್ಕೋ" ಎಂದೆ. ಅವನು ಅಲ್ಲೇ ಬಾಯಲ್ಲಿ ಹೇಳಿ ನೋಡಿಕೊಂಡ. ಮೇಡಂ ಕೂಡ ಹೇಳಿ ನೋಡಿಕೊಂಡರು. ಅವರ ತುಟಿಯೂ ಅಲುಗಿತು.

ಆದರೂ ಮೇಡಂ ಒಪ್ಪಲಿಲ್ಲ. "ಇದನ್ನ ಸಾಕ್ಷಿ ಅಂತ ಹೇಗೆ ತಗೊಳ್ಳೋದು? ಇವರು ಫ್ರೆಂಡ್ಸು" ಎಂದರು. ಆಗ ಆ ಹುಡುಗ ಹೇಳಿದ್ದನ್ನು ಕೇಳು. "ಮೇಡಂ, ಈ ವಿಡಿಯೋನ ನಾನು ಇವತ್ತೇ ಮೊದಲ ಸಲ ನೋಡ್ತಿರೋದು. ಸಾಫ್ಟ್‌ವೇರ್ ಹೆಸರು ಕಳಿಸ್ತು, ನಾನು ಸೊನ್ನೆ ಹಾಕ್ದೆ. ನಾನು ನೋಡ್ಬೇಕಿತ್ತು." ಅವನಿಗೆ ಮೀಸೆ ಇಲ್ಲ, ಪ್ರತಿ ಅಕ್ಷರವೂ ಕಂಡಿತು.

ಬಹಳ ಹೊತ್ತು ಅವರವರೇ ಮಾತಾಡಿಕೊಂಡರು. ಕೊನೆಗೆ ಮೇಡಂ ನನ್ನ ಕಡೆ ತಿರುಗಿ, ಕ್ಷಮಾಪಣೆ ಪತ್ರ ಬೇಡ, ಕಾಲೇಜಿನಲ್ಲೇ ಎದುರು ಕೂರಿಸಿಕೊಂಡು ಮರುಪರೀಕ್ಷೆ ಮಾಡುತ್ತೇವೆ ಎಂದರು. ಅದನ್ನು ನಿನಗೆ ಅವರೇ ಹೇಳಿರುತ್ತಾರೆ.

ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದು ಆಟೋ ಹತ್ತಿದೆ. ಅಳು ಬಂದಿತ್ತು. ಕಣ್ಣು ತುಂಬಿದ್ದರೆ ನನಗೆ ಏನೂ ಕೇಳಿಸುವುದಿಲ್ಲ, ಆ ಸ್ಥಿತಿಯಲ್ಲಿ ನಿನ್ನೆದುರು ನಿಂತು ಏನು ಮಾಡಲಿ?

ಈಗ ಮನೆಗೆ ಬಾ. ಎದುರಿಗೆ ಕೂತುಕೋ.

ಲಿಂಗೂ


ವಿಜಯನಗರ
22 ಡಿಸೆಂಬರ್ 2025

ಲಿಂಗೂ,

ಮೊನ್ನೆ ನಿನ್ನ ಮನೆಯಿಂದ ಬರುವಾಗ ಗಂಟಲು ಬಿದ್ದುಹೋಗಿತ್ತು. ಕೂಗಬೇಡ, ನಿಧಾನವಾಗಿ ಹೇಳು ಸಾಕು ಎಂದು ನೀನು ಎಷ್ಟು ಸಲ ಬೈದರೂ ಅಭ್ಯಾಸ ಬರಲಿಲ್ಲ. ಹಾಗಾಗಿ ಬಿಟ್ಟುಹೋದದ್ದನ್ನು ಬರೆಯುತ್ತೇನೆ.

ಮರುಪರೀಕ್ಷೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಕೂರಿಸಿದರು. ಎದುರಿಗೆ ಗಿರಿರಾಜ್ ಸರ್. ತುಟಿ ಮಾತ್ರ ಅಲ್ಲ, ಅವರಿಗೆ ಕೇಳಿಸುವ ಹಾಗೆ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚಿದ್ದ ಇಂಗ್ಲಿಷ್ ಮೇಷ್ಟ್ರು ಎದ್ದು ಬೇರೆ ರೂಮಿಗೆ ಹೋದರು. ದೊಡ್ಡ ಅಂಕವೇನೂ ಬಂದಿಲ್ಲ, ಪಾಸಾಗಿದ್ದೇನೆ. ಎರಡು ಪ್ರಶ್ನೆ ನಿಜವಾಗಿಯೂ ಗೊತ್ತಿರಲಿಲ್ಲ, ತಪ್ಪಾಯಿತು. ಆ ತಪ್ಪು ನನ್ನದೇ, ಅದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ಇನ್ನೊಂದು ವಿಷಯ. ಸಹಿ ಹಾಕಿದ್ದಳಲ್ಲ ಆ ಹುಡುಗಿ, ನನ್ನ ಸುದ್ದಿ ಕೇಳಿ ಆಫೀಸಿಗೆ ಹೋಗಿ ತನ್ನ ಪತ್ರ ವಾಪಸ್ ಕೇಳಿದಳಂತೆ. ಅವಳ ಮಗು ಪಕ್ಕದ ಕೋಣೆಯಲ್ಲಿ ಅತ್ತಿತ್ತಂತೆ, ಅದನ್ನೇ ಸಾಫ್ಟ್‌ವೇರು ಮಾತು ಎಂದುಕೊಂಡಿತ್ತು. ಅವಳ ಹಿಂದೆ ಇನ್ನೂ ನಾಲ್ಕೈದು ಜನ ಹೋದರು. ಒಬ್ಬ ಮಾತ್ರ ಹೋಗಲಿಲ್ಲ. ಯಾಕೋ ಎಂದು ಕೇಳಿದೆ. "ನಾನು ನಿಜವಾಗ್ಲೂ ಕಾಪಿ ಹೊಡ್ದಿದ್ದೆ ಆಂಟಿ" ಎಂದ.

ಆವತ್ತು ನೀನು ಡ್ರಾಯರು ತೆರೆದು ಮೆಷಿನ್ ತೋರಿಸಿದೆ. ಹಾಕಿಕೋ ಎಂದು ಈಗಲೂ ಹೇಳುವುದಿಲ್ಲ, ಅದು ನಿನ್ನಿಷ್ಟ. ಆದರೆ ಅದರ ಕಿವಿ ಹಿಂಡುವ ಅಧಿಕಾರ ಕಾಂತರಾಜುವಿನ ಫೋನಿನಲ್ಲಿ ಯಾಕಿರಬೇಕು? ಅಷ್ಟನ್ನು ಕೇಳಿಕೊಂಡು ಬಾ.

ಸೆಮಿಸ್ಟರ್ ಪರೀಕ್ಷೆ ಜನವರಿಯಲ್ಲಿ. ಹಾಲ್ ಟಿಕೆಟ್ ಬಂದಿದೆ.

ಓದಿಗೆ ಕೂತ,
ಶಶಿ


ನಾಗರಬಾವಿ
3 ಫೆಬ್ರವರಿ 2026

ಶಶಿ,

ಕೇಳಿಕೊಂಡು ಬಂದೆ.

ಒಬ್ಬಳೇ ಹೋದೆ. ಬಸವೇಶ್ವರನಗರದಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಕ್ಲಿನಿಕ್ಕಿಗೆ. ಅಲ್ಲಿದ್ದ ಹುಡುಗಿ ನನ್ನ ಹಿಂದೆ ಮುಂದೆ ನೋಡಿ, "ಜೊತೇಲಿ ಯಾರೂ ಬಂದಿಲ್ವಾ ಆಂಟಿ? ಮಗ, ಸೊಸೆ? ಅವರಿಗೆ ಹೇಳ್ಕೊಟ್ರೆ ಈಸಿ" ಎಂದಳು. "ಕಿವಿ ನಂದು. ನಂಗೇ ಹೇಳ್ಕೊಡು. ಈ ಕಡೆ ತಿರುಗಿ ಹೇಳು" ಎಂದೆ. ಪಾಪ, ಒಳ್ಳೆಯ ಹುಡುಗಿ. ಎರಡು ಗಂಟೆ ಕೂರಿಸಿಕೊಂಡು ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಟ್ಟಳು. ಹಿಂದಿನ ಸಲ ಹಾಕಿದ್ದು ಅಂದಾಜಿನ ಮೇಲೆ ಅಂತೆ. ಮೂರು ವರ್ಷ ಕೇಳದ ತಲೆಗೆ ಸದ್ದನ್ನು ಮತ್ತೆ ಕಲಿಸಬೇಕಂತೆ. ದಿನವೂ ಒಂದು ಗಂಟೆ ಸುಮ್ಮನೆ ಕೂತು, ಇದು ನಲ್ಲಿ, ಇದು ಕುಕ್ಕರು, ಇದು ಕಾಗೆ ಎಂದು ಗುರುತು ಹಿಡಿಯಬೇಕು. ನನಗೂ ಹೋಂವರ್ಕ್ ಕೊಟ್ಟು ಕಳಿಸಿದಳು.

ದೊಡ್ಡ ಫೋನನ್ನು ಮೊಮ್ಮಗಳಿಂದ ವಾಪಸ್ ತೆಗೆದುಕೊಂಡೆ. ಮೆಷಿನ್ ಈಗ ನನ್ನ ಫೋನಿನ ಮಾತು ಕೇಳುತ್ತದೆ. ಕಾಂತರಾಜುವಿಗೆ ಬೇಜಾರಾಯಿತು. "ನನ್ ಫೋನಿಂದ ಯಾಕಮ್ಮ ತೆಗೆಸ್ದೆ? ನಾನೇನ್ ಕೆಟ್ಟದ್ ಮಾಡ್ದೆ?" ಎಂದ. "ನಿನ್ ಕಿವೀನ ನಾನು ತಿರುಗಿಸ್ತೀನೇನೋ?" ಎಂದೆ. ಸಂಜೆ ತನಕ ಮುಖ ಊದಿಸಿಕೊಂಡಿದ್ದ. ಆಮೇಲೆ ಅವನೇ ಬಂದು ಎದುರಿಗೆ ಕೂತು, "ಯಾವಾಗಿಂದ ಪೂರ್ತಿ ಕೇಳ್ತಿರ್ಲಿಲ್ಲ?" ಎಂದು ಕೇಳಿದ. ಮೂರು ವರ್ಷದ ಸುಳ್ಳನ್ನೆಲ್ಲ ಹೇಳಿದೆ.

ಮಾತು ಇನ್ನೂ ಪೂರ್ತಿ ಬಿಡಿಸಿ ಬರುವುದಿಲ್ಲ. ದನಿಗಳೆಲ್ಲ ಮೊದಲಿನ ಹಾಗೇ ಕೇಳುವ ಆಸೆ ಇಟ್ಟುಕೊಳ್ಳಬೇಡಿ ಎಂದು ಆ ಹುಡುಗಿ ಮೊದಲೇ ಹೇಳಿದ್ದಾಳೆ. ಸರಿ, ನಿನ್ನ ದನಿ ಹೊಸದಾಗಿ ಹೇಗಿದೆಯೋ ಹಾಗೆ ಕೇಳುತ್ತೇನೆ. ಒಂದಂತೂ ಆಯಿತು. ಮೇಲಿನ ಮಹಡಿಯ ಹುಡುಗರು ಹಾಡು ಹಾಕಿಕೊಂಡು ಅಷ್ಟು ಕುಣಿಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಹೋಗಿ ಬಾಗಿಲು ಬಡಿದೆ. "ಇಷ್ಟು ದಿನ ಏನೂ ಹೇಳ್ಲಿಲ್ಲ ಆಂಟಿ?" ಎಂದರು. "ಇನ್ಮೇಲೆ ಹೇಳ್ತೀನಿ" ಎಂದೆ.

ಹನುಮಕ್ಕನಿಗೂ ನಾನೇ ಹೇಳಿದೆ. ಅವಳ ಮಾತಿಗೆ ಕಾಯಲಿಲ್ಲ.

ಲಿಂಗೂ


ವಿಜಯನಗರ
20 ಏಪ್ರಿಲ್ 2026

ಲಿಂಗೂ,

ಮೊದಲನೇ ಸೆಮಿಸ್ಟರ್ ಎಲ್ಲ ವಿಷಯಗಳಲ್ಲೂ ಪಾಸು. ಮನೆಯಲ್ಲಿ ಬರೆಯುವ ಪರೀಕ್ಷೆಯ ನಿಯಮಕ್ಕೆ ಈಗ ಇನ್ನೊಂದು ಸಾಲು ಸೇರಿಸಿದ್ದಾರೆ: ಬೇಕಾದವರು ಕಾಲೇಜಿನಲ್ಲೇ ಕೂತು ಬರೆಯಬಹುದು. ಸೊನ್ನೆ ಹಾಕುವ ಮೊದಲು ಮೇಷ್ಟ್ರು ವಿಡಿಯೋ ನೋಡಬೇಕೆಂದೂ ಆಗಿದೆಯಂತೆ. ಗಿರಿರಾಜ್ ಸರ್ ಪಟ್ಟು ಹಿಡಿದು ಮಾಡಿಸಿದ್ದು.

ಇವತ್ತು ಪ್ರಿನ್ಸಿಪಾಲ್ ಮೇಡಂ ಕರೆದರು. ಮತ್ತೆ ಯಾವ ಕೆಂಪಕ್ಷರವೋ ಎಂದುಕೊಂಡು ಹೋದೆ. ಒಳಗೆ ಹೋದರೆ ಕಾಫಿ ತರಿಸಿದ್ದರು. ಕಾಲೇಜಿನ ವಾರ್ಷಿಕೋತ್ಸವವಂತೆ. ವೇದಿಕೆಗೆ ಕರೆದು ನನಗೆ ಸನ್ಮಾನ ಮಾಡುತ್ತಾರಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಗೇಟಿನ ಮುಂದೆ ನನ್ನ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್. ಹೊಸ ವರ್ಷದ ಅಡ್ಮಿಷನ್ ಶುರುವಾಗುತ್ತದಲ್ಲ, ಅದಕ್ಕೆ.

"ಈ ವಯಸ್ಸಲ್ಲಿ ನಿಮ್ಮ ಛಲ ನೋಡಿದ್ರೆ ನಮ್ಗೆ ಹೆಮ್ಮೆ ಆಗುತ್ತೆ. ನೀವು ಎಲ್ರಿಗೂ ಸ್ಫೂರ್ತಿ ಮೇಡಂ" ಎಂದರು.

ಆರು ತಿಂಗಳ ಹಿಂದೆ ಇದೇ ಮೇಜಿನ ಮೇಲೆ ಅಚ್ಚು ಹಾಕಿದ ಹಾಳೆ ಇಟ್ಟು ಪೆನ್ನು ಕೊಟ್ಟಿದ್ದರು. ಆ ಮಾತನ್ನು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

"ಕ್ಲಾಸಲ್ಲಿ ಎಲ್ರೂ ಪಾಸಾಗಿದ್ದಾರೆ ಮೇಡಂ. ಎಲ್ರಿಗೂ ಶಾಲು ಹೊದಿಸ್ತೀರಾ?" ಎಂದು ಕೇಳಿದೆ.

"ಅವರು ಹುಡುಗ್ರು, ಅವರ ಮಾತು ಬೇರೆ..."

"ನಾನು ಬೇರೆ ಅಲ್ಲ ಮೇಡಂ. ನಾನೂ ಅವರ ಹಾಗೇ ಫೀಸ್ ಕಟ್ಟಿ ಸೇರಿದೀನಿ. ನಿಮ್ ಶಾಲು ಬೇಡ, ನನ್ ಫೋಟೋ ಗೇಟಿಗೆ ಹಾಕ್ಬೇಡಿ."

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. ಸಿಟ್ಟು ಬಂತೋ ಆಶ್ಚರ್ಯವಾಯಿತೋ, ಮುಖದಲ್ಲಿ ಗೊತ್ತಾಗಲಿಲ್ಲ. ನೀನಿದ್ದಿದ್ದರೆ ತುಟಿ ನೋಡಿ ಹೇಳುತ್ತಿದ್ದೆಯೇನೋ. "ಹಾಗಾದ್ರೆ ನಿಮಗೆ ಏನು ಬೇಕು ಶಶಿಕಲಾ?" ಎಂದರು. ಮೊದಲ ಸಲ ಮೇಡಂ ಎನ್ನದೆ ಹೆಸರು ಹಿಡಿದು ಕರೆದರು, ಕ್ಲಾಸಿನ ಹುಡುಗಿಯರನ್ನು ಕರೆಯುವ ಹಾಗೆ.

"ನಾಳೆ ಹಿಸ್ಟರಿ ಇಂಟರ್ನಲ್ಸ್ ಇದೆ ಮೇಡಂ. ಇನ್ನೂ ಎರಡು ಪಾಠ ಬಾಕಿ. ಮನೆಗೆ ಹೋಗ್ಲಾ?"

ಶಶಿಕಲಾ
ಬಿ.ಎ., ಎರಡನೇ ಸೆಮಿಸ್ಟರ್